ಮೂರು ದಿನದ ಪ್ರದರ್ಶನದಲ್ಲಿ ಪಿನ್‌ಬಾಲ್ ಯಂತ್ರಗಳನ್ನು ಕೊನೆಯ ಸಂಜೆಯವರೆಗೂ ಓಡಿಸುವುದು ಹೇಗೆ?

ಮಣ್ಣಗುಡ್ಡೆ ಸ್ವಯಂಸೇವಕ (ಪ್ರಶ್ನೆ)

ಕಳೆದ ಡಿಸೆಂಬರಿನಲ್ಲಿ ಮಂಗಳೂರಿನ ಒಂದು ಶಾಲೆಯ ಸಭಾಂಗಣದಲ್ಲಿ ನಾವು ಹದಿನೈದು ಮಂದಿ ಹವ್ಯಾಸಿಗಳು ಸೇರಿ ಮೂರು ದಿನಗಳ ಪ್ರದರ್ಶನ ನಡೆಸಿದೆವು. ಹಳೆಯ ರೇಡಿಯೊ, ನಾಣ್ಯ, ಅಂಚೆಚೀಟಿ, ಮಾದರಿ ರೈಲುಗಳ ಜೊತೆಗೆ ಐದು ಪಿನ್‌ಬಾಲ್ ಯಂತ್ರಗಳೂ (ಗಾಜಿನಡಿಯ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡನ್ನು ಕೆಳಗೆ ಬೀಳದಂತೆ ಹೊಡೆದು ಅಂಕ ಗಳಿಸುವ ಆಟ) ಇದ್ದವು: ಎರಡು 1970ರ ದಶಕದ, ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳಿಂದಲೇ ಓಡುವ ಯಂತ್ರಗಳು, ಎರಡು ಆಮೇಲಿನ ಎಲೆಕ್ಟ್ರಾನಿಕ್ ಯಂತ್ರಗಳು, ಇನ್ನೊಂದು ಮಣಿಪಾಲದ ವಿದ್ಯಾರ್ಥಿಗಳು ತಾವೇ ಕಟ್ಟಿದ್ದು. ಪ್ರವೇಶಕ್ಕೆ ಟಿಕೆಟ್ ಇರಲಿಲ್ಲ, ಸಂಬಳ ಪಡೆಯುವವರು ಯಾರೂ ಇರಲಿಲ್ಲ, ಯಂತ್ರಗಳ ಮಾಲೀಕರು ನಮ್ಮ ಮೇಲಿನ ವಿಶ್ವಾಸದಿಂದಲೇ ಅವುಗಳನ್ನು ಟೆಂಪೊಕ್ಕೆ ಹೇರಿ ಕಳುಹಿಸಿದ್ದರು. ಶುಕ್ರವಾರ ಬೆಳಿಗ್ಗೆ ಐದೂ ಓಡುತ್ತಿದ್ದವು. ಭಾನುವಾರ ಸಂಜೆ ಬಾಗಿಲು ಹಾಕುವಾಗ ಓಡುತ್ತಿದ್ದದ್ದು ಒಂದೇ.

ಮೊದಲು ಹೋದದ್ದು ರಿಲೇ ಯಂತ್ರಗಳಲ್ಲಿ ಒಂದು. ಶನಿವಾರ ಮಧ್ಯಾಹ್ನ ಅದರ ಎಡ ಫ್ಲಿಪ್ಪರ್, ಅಂದರೆ ಗುಂಡನ್ನು ಹೊಡೆಯುವ ಪುಟ್ಟ ಕೈ, ಗುಂಡಿ ಒತ್ತಿದರೆ ಎತ್ತಿದ ಹಾಗೆಯೇ ನಿಲ್ಲತೊಡಗಿತು. ಮಕ್ಕಳಿಗೆ ಅದೇ ಒಂದು ತಮಾಷೆಯಾಯಿತು. ಗುಂಡಿ ಒತ್ತಿ ಹಿಡಿದುಕೊಂಡು ಗುಂಡನ್ನು ಫ್ಲಿಪ್ಪರಿನ ಮೇಲೆ ಜೋಲಿಯಲ್ಲಿ ಮಲಗಿಸಿದಂತೆ ಮಲಗಿಸುತ್ತಿದ್ದರು. ಹತ್ತು ನಿಮಿಷದಲ್ಲಿ ವಾಸನೆ ಬಂತು. ಆಟದ ಹಲಗೆಯನ್ನು ಎತ್ತಿ ನೋಡಿದಾಗ ಫ್ಲಿಪ್ಪರನ್ನು ಎಳೆಯುವ ಕಾಯಿಲ್‌ಗೆ (ತಂತಿಯ ಸುರುಳಿ) ಸುತ್ತಿದ್ದ ಕಾಗದ ಸುಟ್ಟ ದೋಸೆಯ ಬಣ್ಣಕ್ಕೆ ತಿರುಗಿತ್ತು, ಒಳಗಿನ ನೈಲಾನ್ ಸ್ಲೀವ್ (ಕೊಳವೆ) ಕರಗಿ ಅದರೊಳಗೆ ಓಡಾಡುವ ಕಬ್ಬಿಣದ ಪ್ಲಂಜರನ್ನು ಕಚ್ಚಿ ಹಿಡಿದಿತ್ತು.

ಎರಡನೆಯ ರಿಲೇ ಯಂತ್ರದ ಫ್ಲಿಪ್ಪರ್‌ಗಳು ನಿಧಾನವಾದವು ಎಂದು ನಮ್ಮಲ್ಲೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು. ಒಂದು ಗಂಟೆ ಚುರುಕಾಗಿದ್ದವು, ಆಮೇಲೆ ಅಂಟಿಕೊಂಡವು. ವಿದ್ಯಾರ್ಥಿಗಳ ಯಂತ್ರದಲ್ಲಿ ಎರಡೂ ಫ್ಲಿಪ್ಪರ್‌ಗಳನ್ನು ಒಟ್ಟಿಗೆ ಒತ್ತಿದಾಗಲೆಲ್ಲ ಇಡೀ ಯಂತ್ರ ಆರಿ ಮತ್ತೆ ಮೊದಲಿನಿಂದ ಹೊತ್ತಿಕೊಳ್ಳುತ್ತಿತ್ತು. ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಒಂದರ ಗಾಜನ್ನು ತೆಗೆದು ಗೋಡೆಗೆ ಒರಗಿಸಿಟ್ಟಿದ್ದೆವು. ಅದು ಜಾರಿ, ಅಂಚು ನೆಲಕ್ಕೆ ತಗಲಿ, ಕಲ್ಲುಸಕ್ಕರೆಯಂತೆ ಪುಡಿಯಾಯಿತು. ಇನ್ನೊಂದರ ಕಥೆ ನನಗೆ ಇಂದಿಗೂ ಅರ್ಥವಾಗಿಲ್ಲ. ಎರಡು ದಿನವೂ ಸಂಜೆ ನಾಲ್ಕರ ಸುಮಾರಿಗೆ ಅದು ತನ್ನ ಗುಂಡು ಎಲ್ಲಿದೆ ಎಂಬುದನ್ನೇ ಮರೆಯುತ್ತಿತ್ತು, ಕಾಯಿಲ್‌ಗಳನ್ನು ಒಂದೊಂದಾಗಿ ಬಡಿಯುತ್ತ ಹುಡುಕುತ್ತಿತ್ತು, ಕತ್ತಲಾದ ಮೇಲೆ ತಾನಾಗಿಯೇ ಸರಿಯಾಗುತ್ತಿತ್ತು. ಕೊನೆಗೆ ಉಳಿದದ್ದು ಇದೇ.

ಬರುವ ಜನವರಿಯಲ್ಲಿ ಮತ್ತೆ ಪ್ರದರ್ಶನ ಮಾಡಬೇಕೆಂದಿದ್ದೇವೆ. ಬಿಜೈಯ ಮಾಲೀಕರೊಬ್ಬರನ್ನು ಕೇಳಿದಾಗ, "ಯಂತ್ರ ಕೊಡುವುದಿಲ್ಲ ಎನ್ನುವುದಿಲ್ಲ, ಆದರೆ ಅದರ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂದು ಮೊದಲು ಹೇಳಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಿಡಿಭಾಗಗಳು ಅಮೆರಿಕದಿಂದಲೋ ಯುರೋಪಿನಿಂದಲೋ ಬರಬೇಕು, ಸುಂಕ ಬೇರೆ. ಮೊದಲೇ ಏನನ್ನು ತರಿಸಿಡಬೇಕು, ಏನು ಊರಿನಲ್ಲೇ ಸಿಗುತ್ತದೆ, ಸಭಾಂಗಣದ ವಿದ್ಯುತ್ತನ್ನು ಎಷ್ಟು ನಂಬಬಹುದು ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಮಲ್ಪೆಯ ಹಳೆ ನಾವಿಕ

ನಾನು ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಎಲೆಕ್ಟ್ರಿಕಲ್ ಅಧಿಕಾರಿಯಾಗಿದ್ದು ಈಗ ಊರಿನಲ್ಲಿದ್ದೇನೆ. ಪರದೇಶದ ಬಂದರುಗಳಲ್ಲಿ ನಾವಿಕರು ಸೇರುವ ಕಡೆಗಳಲ್ಲಿ ಈ ಯಂತ್ರಗಳು ಇರುತ್ತಿದ್ದವು. ಆಡಿದ್ದಕ್ಕಿಂತ ಹೆಚ್ಚಾಗಿ ಅವುಗಳ ಹೊಟ್ಟೆ ಬಿಚ್ಚಿ ನೋಡುವುದರಲ್ಲಿ ನನಗೆ ಆಸಕ್ತಿ. ಆದ್ದರಿಂದ ಸುಟ್ಟ ಕಾಯಿಲ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಅದರೊಳಗೇ ಇದೆ.

ಫ್ಲಿಪ್ಪರ್ ಕಾಯಿಲ್ ಒಂದೇ ಕಾಯಿಲ್‌ನಂತೆ ಕಂಡರೂ ಅದರೊಳಗೆ ಎರಡು ಸುತ್ತುಗಳಿರುತ್ತವೆ. ದಪ್ಪ ತಂತಿಯ ಸುತ್ತಿನ ರೋಧ ಕೆಲವೇ ಓಮ್. ಗುಂಡನ್ನು ಹೊಡೆಯುವ ಬಲ ಅದರದ್ದು. ತೆಳು ತಂತಿಯ ಸುತ್ತಿನ ರೋಧ ಅದರ ಹಲವು ಪಟ್ಟು. ಮೇಲೆದ್ದ ಫ್ಲಿಪ್ಪರನ್ನು ಅಲ್ಲೇ ಹಿಡಿದಿಡುವುದಷ್ಟೇ ಅದರ ಕೆಲಸ. ಫ್ಲಿಪ್ಪರ್ ಪೂರ್ತಿ ಎದ್ದಾಗ ಅದರ ಬಾಲ ಒಂದು ಚಿಕ್ಕ ಸ್ವಿಚ್ಚನ್ನು ತಳ್ಳಿ ತೆರೆಯುತ್ತದೆ. ಆ ಸ್ವಿಚ್ ಮುಚ್ಚಿರುವವರೆಗೆ ವಿದ್ಯುತ್ ದಪ್ಪ ಸುತ್ತಿನಲ್ಲಿ ಮಾತ್ರ ಹರಿಯುತ್ತದೆ, ತೆರೆದೊಡನೆ ತೆಳು ಸುತ್ತು ಮಧ್ಯೆ ಬಂದು ವಿದ್ಯುತ್ತನ್ನು ತಗ್ಗಿಸುತ್ತದೆ. ಸ್ವಿಚ್ಚಿನ ಎಲೆ ಸ್ವಲ್ಪ ಬಾಗಿಯೋ ಅದರ ಸ್ಕ್ರೂ ಸಡಿಲವಾಗಿಯೋ ಅದು ತೆರೆಯದೇ ಹೋದರೆ, ಕ್ಷಣಮಾತ್ರದ ಹೊಡೆತಕ್ಕೆಂದು ಮಾಡಿದ ದಪ್ಪ ಸುತ್ತು, ಮಗು ಗುಂಡಿ ಹಿಡಿದುಕೊಂಡಷ್ಟು ಹೊತ್ತೂ ಪೂರ್ಣ ಶಕ್ತಿಯಲ್ಲಿ ಕಾಯುತ್ತದೆ. ಫ್ಲಿಪ್ಪರ್ ಎತ್ತಿದ ಹಾಗೆಯೇ ನಿಲ್ಲತೊಡಗಿದ್ದು ಸ್ಲೀವ್ ಆಗಲೇ ಬಿಸಿಗೆ ಉಬ್ಬಿದ್ದರ ಲಕ್ಷಣ. ಆ ಗಳಿಗೆಯಲ್ಲಿ ಯಂತ್ರವನ್ನು ಆರಿಸಿದ್ದರೆ ಒಂದು ಸ್ವಿಚ್ಚಿನ ಎಲೆಯನ್ನು ಒಂದೆರಡು ಮಿಲಿಮೀಟರ್ ಬಾಗಿಸುವುದರಲ್ಲಿ, ಹೆಚ್ಚೆಂದರೆ ಒಂದು ಸ್ಲೀವ್ ಬದಲಿಸುವುದರಲ್ಲಿ ಮುಗಿಯುತ್ತಿತ್ತು. ಹತ್ತು ನಿಮಿಷ ತಡವಾದದ್ದರಿಂದ ಕಾಯಿಲ್ ಹೋಯಿತು.

ಇದೇ ಸ್ವಿಚ್ ಮುಚ್ಚಿಕೊಳ್ಳಬೇಕಾದಾಗ ಕೊಳೆಯಿಂದಾಗಿ ಸರಿಯಾಗಿ ಮುಚ್ಚದಿದ್ದರೆ ತದ್ವಿರುದ್ಧ ಆಗುತ್ತದೆ: ಫ್ಲಿಪ್ಪರಿಗೆ ಶಕ್ತಿಯೇ ಇರುವುದಿಲ್ಲ. ನಿಮ್ಮ ಎರಡನೆಯ ಯಂತ್ರದ ನಿಧಾನಕ್ಕೆ ಬಹುಶಃ ಇದೇ ಕಾರಣ. ಆ ಜಾಗಕ್ಕೆ ಎಣ್ಣೆ ಯಾವತ್ತೂ ಬೇಡ. ಪ್ಲಂಜರ್ ನೈಲಾನ್ ಸ್ಲೀವ್‌ನಲ್ಲಿ ಒಣಗಿದ್ದೇ ಓಡಬೇಕು. ಎಣ್ಣೆ ಬಿದ್ದರೆ ಸವೆದ ಲೋಹದ ಕಪ್ಪು ಪುಡಿಯೊಂದಿಗೆ ಸೇರಿ ಹಲಸಿನ ಮೇಣದಂತಾಗುತ್ತದೆ. ಸ್ಲೀವ್ ತೆಗೆದು ಬಿಸಾಡಿ, ಪ್ಲಂಜರನ್ನು ಸ್ಪಿರಿಟ್‌ನಿಂದ ಒರೆಸಿ, ಹೊಸ ಸ್ಲೀವ್ ಹಾಕಿ. ಸ್ವಿಚ್ಚಿನ ವಿಷಯದಲ್ಲಿ ಒಂದು ಎಚ್ಚರ: ಹಳೆಯ ಯಂತ್ರಗಳ ಫ್ಲಿಪ್ಪರ್ ಸ್ವಿಚ್ಚಿನ ತುದಿ ಟಂಗ್‌ಸ್ಟನ್, ಅದನ್ನು ನಯವಾದ ಅರದಿಂದ ಉಜ್ಜಬಹುದು. ಎಲೆಕ್ಟ್ರಾನಿಕ್ ಯಂತ್ರಗಳ ಆಟದ ಹಲಗೆಯ ಮೇಲಿನ ಸಣ್ಣ ಸ್ವಿಚ್ಚುಗಳ ತುದಿಗೆ ಚಿನ್ನದ ಲೇಪವಿರುತ್ತದೆ, ಅದಕ್ಕೆ ಅರ ತಾಗಿಸಿದರೆ ಸ್ವಿಚ್ ಕೆಟ್ಟಿತೆಂದೇ ಲೆಕ್ಕ. ಹಳೆಯ ಮದುವೆ ಕಾಗದದ ದಪ್ಪ ರಟ್ಟನ್ನು ತುದಿಗಳ ನಡುವೆ ಇಟ್ಟು, ಎಲೆಯನ್ನು ಮೆಲ್ಲನೆ ಒತ್ತಿ ಹಿಡಿದು, ಎರಡು ಸಲ ಎಳೆಯಿರಿ. ಅಷ್ಟೇ ಸಾಕು.

ಬಿಜೈಯ ಮಾಲೀಕರು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಹಡಗಿನಲ್ಲಿ ಯಾವ ಮೋಟಾರನ್ನು ನಿಲ್ಲಿಸಬೇಕು ಎಂಬುದನ್ನು ಆ ಪಾಳಿಯ ಒಬ್ಬ ನಿರ್ಧರಿಸುತ್ತಾನೆ, ಅವನನ್ನು ಯಾರೂ ತಡೆಯುವುದಿಲ್ಲ. ಸ್ವಯಂಸೇವಕರ ಪ್ರದರ್ಶನದಲ್ಲಿ ಎಲ್ಲರೂ ಸ್ನೇಹಿತರು, ಎದುರಿಗೆ ಮಕ್ಕಳ ಸಾಲು, ಆರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಐದು ಯಂತ್ರಗಳ ಕೀಲಿಗಳನ್ನೂ ಒಬ್ಬರ ಸೊಂಟಕ್ಕೆ ಕಟ್ಟಿ. ಅವರು ಬೇರೆ ಯಾವ ಕೆಲಸವನ್ನೂ ಮಾಡಬಾರದು, ಊಟದ ಟೋಕನ್ ಹಂಚಬಾರದು, ಅತಿಥಿಗಳಿಗೆ ಶಾಲು ಹೊದಿಸಲು ಹೋಗಬಾರದು. ಅವರು ಆರಿಸಿದ ಯಂತ್ರವನ್ನು ಅಧ್ಯಕ್ಷರೂ ಹಾಕಬಾರದು.

ಬೈಕಂಪಾಡಿ ಪ್ಯಾನೆಲ್ ಬೋರ್ಡ್

ನಾವಿಕರು ಹೇಳಿದ್ದಕ್ಕೆ ನನ್ನದೇನೂ ತಕರಾರಿಲ್ಲ. ವಿದ್ಯುತ್ತಿನ ಕುರಿತು ಮಾತ್ರ ಬರೆಯುತ್ತೇನೆ.

ಮೊದಲು ಪ್ರತಿ ಯಂತ್ರದ ಹಿಂಬದಿಯ ಫಲಕವನ್ನು ಓದಿ. ಅಮೆರಿಕದ ಮಾರುಕಟ್ಟೆಗೆ ಮಾಡಿದ್ದಾದರೆ 120 ವೋಲ್ಟ್, 60 ಹರ್ಟ್ಸ್ ಇರುತ್ತದೆ. ಕೊಲ್ಲಿಯಿಂದ ಕಂಟೇನರಿನಲ್ಲಿ ಬಂದದ್ದಾದರೆ ಆಗಲೇ 230 ವೋಲ್ಟ್‌ಗೆ ಬದಲಿಸಿರುವ ಸಾಧ್ಯತೆ ಇದೆ, ಆದರೆ ಬಾಯಿಮಾತನ್ನು ನಂಬಿ ಪ್ಲಗ್ ಹಾಕಬೇಡಿ. ಅನೇಕ ಯಂತ್ರಗಳ ಒಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ಎರಡೂ ವೋಲ್ಟೇಜಿಗೆ ಜೋಡಣೆ ಇರುತ್ತದೆ. ಹಾಗೆ ಬದಲಿಸುವಾಗ ಒಳಬರುವ ಲೈನಿನ ಫ್ಯೂಸನ್ನೂ ಅಡ್ಡಲಾಗಿ ಹಾಕಿರುವ ವೇರಿಸ್ಟರನ್ನೂ (ವೋಲ್ಟೇಜ್ ದಿಢೀರನೆ ಏರಿದರೆ ತಡೆಯುವ ಭಾಗ) ಬದಲಿಸಲು ಮರೆಯುವವರೇ ಹೆಚ್ಚು. 120 ವೋಲ್ಟ್‌ಗೆಂದು ಹಾಕಿದ ವೇರಿಸ್ಟರ್ ನಮ್ಮ ಲೈನಿಗೆ ಸಿಕ್ಕಿದ ಕೂಡಲೇ ಪಟಾಕಿಯಂತೆ ಸಿಡಿಯುತ್ತದೆ.

ಒಳಗೆ ಬದಲಿಸಲು ಇಷ್ಟವಿಲ್ಲದ ಮಾಲೀಕರಿಗೆ ಹೊರಗಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದೆ. ಒಂದು ಯಂತ್ರಕ್ಕೆ 500 ವಿಎ ಸಾಕೆಂದು ಅಂಗಡಿಯವರು ಹೇಳಿದರೂ ನಾನಾದರೆ 1000 ಹಾಕುತ್ತೇನೆ, ಎರಡು ಯಂತ್ರಗಳನ್ನು ಒಂದಕ್ಕೆ ಸೇರಿಸುವುದಿಲ್ಲ. 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ರಿಲೇ ಯಂತ್ರಗಳ ಅಂಕದ ಮೋಟಾರ್ ಆರರಲ್ಲಿ ಐದು ಪಾಲಿನ ವೇಗದಲ್ಲಿ ತಿರುಗುತ್ತದೆ. ಮೋಟಾರಿನ ನಿಧಾನ ದೋಷವಲ್ಲ, ಅದನ್ನು ಸರಿಪಡಿಸಲು ಯಾರೂ ಕೈಹಾಕಬಾರದು. ಬಿಸಿ ಮಾತ್ರ ಗಮನಿಸಬೇಕಾದದ್ದು.

ಈಗ ಸಭಾಂಗಣ. ಹಳೆಯ ಕಟ್ಟಡಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದ ಮಾತ್ರಕ್ಕೆ ಮೂರನೆಯದರಲ್ಲಿ ಅರ್ತ್ ಇದೆ ಎಂದು ತಿಳಿಯಬಾರದು. ಪಿನ್‌ಬಾಲ್ ಯಂತ್ರದ ಕಾಲು, ಅಂಚುಪಟ್ಟಿ, ನಾಣ್ಯದ ಬಾಗಿಲು ಎಲ್ಲವೂ ಲೋಹ, ಆಡುವವರು ಎರಡು ಕೈಯಲ್ಲೂ ಅದನ್ನೇ ಹಿಡಿದು ನಿಂತಿರುತ್ತಾರೆ. ಅರ್ತ್ ಪರೀಕ್ಷೆಗೆ ಮಲ್ಟಿಮೀಟರೊಂದನ್ನೇ ನಂಬಬೇಡಿ, ಎಲ್ಲಿಯೋ ಸಡಿಲವಾಗಿ ತಾಗಿಕೊಂಡಿರುವ ತಂತಿಯೂ ಅದರಲ್ಲಿ ಸರಿಯಾದ ಅಂಕಿಯನ್ನೇ ತೋರಿಸೀತು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದ ಫೇಸ್ ಮತ್ತು ಅರ್ತ್ ನಡುವೆ 100 ವ್ಯಾಟಿನ ಬಲ್ಬ್ ಹಿಡಿಸಿ ನೋಡಿ. ಅದು ಪೂರ್ತಿ ಉರಿಯಬೇಕು, ಇಲ್ಲವೇ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದು ಬೀಳಬೇಕು. ಮಿಣುಕು ಮಿಣುಕಾಗಿ ಉರಿದರೆ ಆ ಸಾಕೆಟ್ಟಿನಲ್ಲಿ ಯಂತ್ರ ಬೇಡ. ರಿಲೇ ಯಂತ್ರಗಳಲ್ಲಿ ಎರಡು ಪಿನ್ನಿನ ಹಳೆಯ ವಯರ್ ಇದ್ದರೆ ಪ್ರದರ್ಶನಕ್ಕೆ ಮುನ್ನವೇ ಮೂರು ಪಿನ್ನಿನದನ್ನು ಹಾಕಿ, ಲೋಹದ ಭಾಗಗಳಿಗೆಲ್ಲ ಅರ್ತ್ ಸೇರಿಸಿ, 30 ಮಿಲಿಆಂಪಿನ ಆರ್‌ಸಿಸಿಬಿಯ ಹಿಂದೆ ಮಾತ್ರ ಓಡಿಸಿ.

ಎಕ್ಸ್‌ಟೆನ್ಷನ್ ವಯರನ್ನು 2.5 ಚದರ ಮಿಲಿಮೀಟರಿನದ್ದೇ ತನ್ನಿ, ಉಳಿದದ್ದನ್ನು ಸುರುಳಿ ಸುತ್ತಿಡದೆ ಬಿಚ್ಚಿ ಹಾಸಿ. ಬೆಳಿಗ್ಗೆ ಐದನ್ನೂ ಒಂದೇ ಸಲ ಹಾಕದೆ ಒಂದೊಂದಾಗಿ ಹಾಕಿ. ಕರೆಂಟು ಹೋದರೆ ಮೊದಲು ಎಲ್ಲ ಯಂತ್ರಗಳ ಸ್ವಿಚ್ ಆರಿಸಿ. ಜನರೇಟರ್ ಹೊತ್ತಿ, ಸ್ಥಿರವಾಗಿ, ಲೈನಿನಲ್ಲಿ 230ರ ಆಸುಪಾಸು ಕಂಡ ಮೇಲೆ ಮಾತ್ರ ಮತ್ತೆ ಹಾಕಿ.

ಮಣ್ಣಗುಡ್ಡೆ ಸ್ವಯಂಸೇವಕ

ಇಬ್ಬರಿಗೂ ವಂದನೆಗಳು. ಇವತ್ತು ಸಂಜೆ ಬೇರೊಂದು ಸಭಾಂಗಣವನ್ನು ನೋಡಲು ಹೋಗಿದ್ದಾಗ ಎಲೆಕ್ಟ್ರಿಷಿಯನ್‌ರನ್ನೂ ಕರೆದುಕೊಂಡು ಹೋದೆ. ವೇದಿಕೆಯ ಎಡಬದಿಯ ನಾಲ್ಕು ಸಾಕೆಟ್ಟುಗಳಲ್ಲಿ ಬಲ್ಬ್ ಪೂರ್ತಿ ಉರಿಯಿತು, ಬಲಬದಿಯಲ್ಲಿ ಮಿಣುಕಲೂ ಇಲ್ಲ. ಯಂತ್ರಗಳೆಲ್ಲ ಎಡಬದಿಗೇ ಬರುತ್ತವೆ.

ಅಲ್ಲಿನ ಆಡಳಿತದವರು ಇನ್ನೊಂದು ಪ್ರಶ್ನೆ ಕೇಳಿದರು: "ನಾಣ್ಯ ಹಾಕುವ ಯಂತ್ರವಲ್ಲವೇ, ಇದು ಜೂಜಾಗುವುದಿಲ್ಲವೇ?" ಅವರ ಸಂಶಯಕ್ಕೆ ನಗುವಂತಿಲ್ಲ. ನ್ಯೂಯಾರ್ಕ್ ನಗರವೇ 1942ರಿಂದ 1976ರವರೆಗೆ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿತ್ತು. ನಿಷೇಧ ಬಂದಾಗ ಫ್ಲಿಪ್ಪರ್ ಎಂಬುದೇ ಹುಟ್ಟಿರಲಿಲ್ಲ, ಅದು ಬಂದದ್ದು 1947ರಲ್ಲಿ ಷಿಕಾಗೋದ ಗಾಟ್ಲೀಬ್ ಕಂಪನಿಯ ಯಂತ್ರದೊಂದಿಗೆ. ಕೊನೆಗೆ 1976ರಲ್ಲಿ ರೋಜರ್ ಶಾರ್ಪ್ ಎಂಬವರು ನಗರಸಭೆಯವರ ಎದುರೇ ಆಡಿ, ಗುಂಡು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿ ಇಳಿಸಿ ತೋರಿಸಿದ ಮೇಲೆ ಅದು ಕೈಚಳಕದ ಆಟವೆಂದು ಒಪ್ಪಿಕೊಂಡರು. ಇಷ್ಟನ್ನು ವಿವರಿಸಿ, ನಮ್ಮಲ್ಲಿ ನಾಣ್ಯವೂ ಇಲ್ಲ, ಬಹುಮಾನವೂ ಇಲ್ಲ ಎಂದೆ. ಒಪ್ಪಿದರು. ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಉಚಿತ ಆಟದ ಆಯ್ಕೆ ಇದೆ, ರಿಲೇ ಯಂತ್ರಗಳಿಗೆ ನಾಣ್ಯದ ಸ್ವಿಚ್ಚಿನ ಜೊತೆಗೆ ಒಂದು ಒತ್ತುಗುಂಡಿ ಸೇರಿಸುತ್ತೇವೆ.

ವಾಲ್ವ್ ರೇಡಿಯೊ, ಕುಂದಾಪುರ

ಬಿಡಿಭಾಗಗಳ ಬಗ್ಗೆ ಯಾರೂ ಬರೆಯದಿರುವುದರಿಂದ ಇಷ್ಟು. ನಾನು ಪಿನ್‌ಬಾಲಿನವನಲ್ಲ, ಹಳೆಯ ರೇಡಿಯೊಗಳನ್ನು ಜೋಡಿಸುವವನು. ಆದರೂ ನಮ್ಮಿಬ್ಬರ ಪೆಟ್ಟಿಗೆಯಲ್ಲಿ ಇರುವ ಸಾಮಾನು ಅರ್ಧಕ್ಕರ್ಧ ಒಂದೇ. ಪಿನ್‌ಬಾಲ್ ಯಂತ್ರದಲ್ಲಿ ಉರಿಯುವ 47 ನಂಬರಿನ ಬಲ್ಬ್, 6.3 ವೋಲ್ಟ್, 150 ಮಿಲಿಆಂಪ್, ಹಳೆಯ ರೇಡಿಯೊಗಳ ಡಯಲ್ ದೀಪವೂ ಹೌದು. 44 ನಂಬರಿನದ್ದು ಅದೇ ಗಾತ್ರದಲ್ಲಿ 250 ಮಿಲಿಆಂಪ್ ಎಳೆಯುತ್ತದೆ. ಎರಡರಲ್ಲಿ ಆಯ್ಕೆ ಇದ್ದರೆ 47 ಹಾಕಿ, ಕನೆಕ್ಟರುಗಳು ಅಷ್ಟರಮಟ್ಟಿಗೆ ತಣ್ಣಗಿರುತ್ತವೆ. ಕಳೆದ ವರ್ಷ ನಿಮ್ಮ ಪಕ್ಕದ ಮೇಜಿನಲ್ಲೇ ನನ್ನ ಡಬ್ಬಿಯಲ್ಲಿ ಇಂಥ ನಲವತ್ತು ಬಲ್ಬುಗಳಿದ್ದವು, ಯಾರೂ ಕೇಳಲಿಲ್ಲ.

ಕಾಯಿಲ್ ಸುಟ್ಟರೆ ಅಮೆರಿಕದಿಂದಲೇ ಬರಬೇಕೆಂದಿಲ್ಲ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರು ನಮ್ಮ ಜಿಲ್ಲೆಗಳ ಪ್ರತಿ ಪೇಟೆಯಲ್ಲೂ ಇದ್ದಾರೆ. ವಿಲಿಯಮ್ಸ್ ಕಂಪನಿಯ ಯಂತ್ರಗಳ ಕಾಯಿಲ್ ಸಂಖ್ಯೆಯಲ್ಲಿಯೇ ಲೆಕ್ಕ ಅಡಗಿದೆ: ಎಇ-23-800 ಎಂದಿದ್ದರೆ 23 ಗೇಜಿನ ತಂತಿ, 800 ಸುತ್ತು. ಎಡವಟ್ಟಾಗುವುದು ಇಲ್ಲಿಯೇ. ಆ 23 ಅಮೆರಿಕದ ಗೇಜು, ನಮ್ಮ ವೈಂಡಿಂಗ್ ಅಂಗಡಿಯ 23 ಬ್ರಿಟಿಷ್ ಗೇಜು. ಅಮೆರಿಕದ 23 ಎಂದರೆ 0.57 ಮಿಲಿಮೀಟರ್, ಬ್ರಿಟಿಷ್ 23 ಎಂದರೆ 0.61 ಮಿಲಿಮೀಟರ್. "ಇಪ್ಪತ್ಮೂರು ಹಾಕಿ" ಎಂದು ಹೇಳಿ ಬಂದರೆ ತಂತಿ ದಪ್ಪವಾಗಿ, ಬಾಬಿನ್ನಿನಲ್ಲಿ 800 ಸುತ್ತು ಹಿಡಿಯದೆ, ಅವರು 700ಕ್ಕೆ ನಿಲ್ಲಿಸಿ ಕೊಡುತ್ತಾರೆ. ರೋಧ ಇಳಿಯುತ್ತದೆ, ವಿದ್ಯುತ್ ಏರುತ್ತದೆ, ಅದನ್ನು ನಡೆಸುವ ಟ್ರಾನ್ಸಿಸ್ಟರ್ ಹೋಗುತ್ತದೆ. ಗೇಜು ಹೇಳದೆ ಮಿಲಿಮೀಟರ್ ಹೇಳಿ. ಬ್ರಿಟಿಷ್ 24 ಬಹಳ ಹತ್ತಿರ ಬರುತ್ತದೆ. ಫ್ಲಿಪ್ಪರ್ ಕಾಯಿಲ್‌ಗಳ ಸಂಖ್ಯೆಯಲ್ಲಿ ಈ ಲೆಕ್ಕ ಸಿಗುವುದಿಲ್ಲ, ಎರಡು ಸುತ್ತುಗಳು ಬೇರೆ. ಅವುಗಳನ್ನು ಮಾತ್ರ ಸಿದ್ಧವಾದದ್ದನ್ನೇ ಈಗಲೇ ತರಿಸಿಡಿ, ಸ್ಲೀವ್ ಮತ್ತು ಪ್ಲಂಜರ್ ಸಹಿತ.

ಎಲೆಕ್ಟ್ರಾನಿಕ್ ಯಂತ್ರದ ಕಾಯಿಲ್ ಬದಲಿಸುವಾಗ ಅದರ ಮೇಲೆ ಬೆಸೆದಿರುವ 1ಎನ್4004 ಡಯೋಡನ್ನು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಗಮನಿಸಿ. ಪಟ್ಟಿ ಇರುವ ಬದಿ ಧನ ತಂತಿಗೆ ಸೇರಬೇಕು. ತಿರುಗಿಸಿ ಹಾಕಿದರೆ ಅದು ನೇರ ಶಾರ್ಟ್ ಆಗಿ ಫ್ಯೂಸನ್ನೋ ಟ್ರಾನ್ಸಿಸ್ಟರನ್ನೋ ಕೊಂಡೊಯ್ಯುತ್ತದೆ. ಡಯೋಡು, ಟಿಐಪಿ102 ಟ್ರಾನ್ಸಿಸ್ಟರು ಹಂಪನಕಟ್ಟೆಯ ಸುತ್ತಮುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಸಿಗುವಂಥವೇ. ಫ್ಯೂಸ್ ಕೊಳ್ಳುವಾಗ ಉದ್ದ ನೋಡಿ. ಅಮೆರಿಕದ ಯಂತ್ರಗಳದ್ದು 32 ಮಿಲಿಮೀಟರ್, 20ರದ್ದು ಹಿಡಿಕೆಗೆ ಕೂರುವುದಿಲ್ಲ. ಕೂರುವುದಿಲ್ಲವೆಂದು ಸಿಗರೇಟಿನ ಬೇಗಡೆ ಸುತ್ತಿ ಕೂರಿಸಿದವರನ್ನು ನಾನು ನೋಡಿದ್ದೇನೆ, ಅವರ ಹೆಸರು ಬೇಡ.

ಮಣಿಪಾಲ ಮೂರನೇ ವರ್ಷ

ಸರ್, ಪದೇ ಪದೇ ಆರಿ ಹೊತ್ತಿಕೊಳ್ಳುತ್ತಿದ್ದ ಯಂತ್ರ ನಮ್ಮದೇ. ತಪ್ಪೂ ನಮ್ಮದೇ. ಕಾಯಿಲ್‌ಗಳಿಗೂ ನಿಯಂತ್ರಣದ ಬೋರ್ಡಿಗೂ ಒಂದೇ ಪವರ್ ಸಪ್ಲೈಯಿಂದ ಕೊಟ್ಟಿದ್ದೆವು. ಎರಡು ಫ್ಲಿಪ್ಪರ್‌ಗಳು ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿದು, 5 ವೋಲ್ಟಿನ ಭಾಗ ಕಂಗಾಲಾಗಿ, ಪ್ರೊಸೆಸರ್ ಮೊದಲಿನಿಂದ ಶುರುವಾಗುತ್ತಿತ್ತು. ಪ್ರಯೋಗಾಲಯದಲ್ಲಿ ಹೀಗಾಗದೆ ಸಭಾಂಗಣದಲ್ಲಿ ಮಾತ್ರ ಆಗಿದ್ದಕ್ಕೆ ಅಲ್ಲಿನ ಉದ್ದನೆಯ ತೆಳು ವಯರೂ ಕಾರಣವಿರಬೇಕು. ಈಗ ಎರಡು ಪ್ರತ್ಯೇಕ ಸಪ್ಲೈ ಹಾಕಿದ್ದೇವೆ. ಮಿಷನ್ ಪಿನ್‌ಬಾಲ್ ಫ್ರೇಮ್‌ವರ್ಕ್ ಎಂಬ ಮುಕ್ತ ತಂತ್ರಾಂಶದಲ್ಲಿ ಪ್ರತಿ ಕಾಯಿಲ್‌ಗೆ ಪೂರ್ಣ ಶಕ್ತಿ ಎಷ್ಟು ಮಿಲಿಸೆಕೆಂಡ್ ಎಂಬ ಮಿತಿಯನ್ನೂ ಬರೆದಿದ್ದೇವೆ. ಯಾರು ಎಷ್ಟು ಹೊತ್ತು ಗುಂಡಿ ಹಿಡಿದರೂ ಆಮೇಲೆ ಹಿಡಿದಿಡುವಷ್ಟು ಶಕ್ತಿ ಮಾತ್ರ ಹೋಗುತ್ತದೆ.

ನಾಲ್ಕು ಗಂಟೆಗೆ ಗುಂಡು ಮರೆಯುವ ಯಂತ್ರದ ಬಗ್ಗೆ ನನಗೊಂದು ಊಹೆ ಇದೆ. ಅದು ಪಶ್ಚಿಮದ ಕಿಟಕಿಯ ಎದುರು ಇತ್ತಲ್ಲವೇ? 1990ರ ದಶಕದ ಯಂತ್ರಗಳಲ್ಲಿ ಗುಂಡು ಬಂದು ಕೂರುವ ಗುಳಿಗಳಲ್ಲಿ ಇನ್‌ಫ್ರಾರೆಡ್ ಸ್ವಿಚ್ಚುಗಳಿರುತ್ತವೆ. ಒಂದು ಬದಿಯಿಂದ ಕಾಣದ ಬೆಳಕು ಹೊರಡುತ್ತದೆ, ಇನ್ನೊಂದು ಬದಿ ಅದನ್ನು ನೋಡುತ್ತಿರುತ್ತದೆ, ಗುಂಡು ಅಡ್ಡ ಬಂದಾಗ ಬೆಳಕು ತಪ್ಪಿ ಯಂತ್ರಕ್ಕೆ ಗೊತ್ತಾಗುತ್ತದೆ. ಡಿಸೆಂಬರಿನ ಇಳಿಬಿಸಿಲು ಗಾಜಿನೊಳಗೆ ಓರೆಯಾಗಿ ಬಿದ್ದರೆ ಅದರಲ್ಲಿಯೂ ಇನ್‌ಫ್ರಾರೆಡ್ ಧಾರಾಳವಾಗಿದೆ. ಗುಂಡು ಗುಳಿಯಲ್ಲೇ ಕೂತಿದ್ದರೂ ನೋಡುವ ಬದಿಗೆ ಬೆಳಕು ಕಾಣುತ್ತಲೇ ಇರುವುದರಿಂದ ಗುಳಿ ಖಾಲಿಯೆಂದು ಯಂತ್ರ ತಿಳಿದು ಹುಡುಕಾಟ ಶುರುಮಾಡುತ್ತದೆ. ಸೂರ್ಯ ಮುಳುಗಿದ ಮೇಲೆ ಸರಿಯಾಗುವುದಕ್ಕೂ ಇದು ಹೊಂದುತ್ತದೆ. ಮುಂದಿನ ಸಲ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಕಿಟಕಿಗೆ ಪರದೆ ಎಳೆದು ನೋಡಬಹುದು, ಸರ್.

ಬಿಜೈಯ ಮಾಲೀಕಳು

ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂದು ಕೇಳಿದ್ದು ನಾನೇ. ಇಲ್ಲಿ ಬಂದ ಸಲಹೆಗಳೆಲ್ಲ ಉಪಯುಕ್ತವಾಗಿವೆ, ಆದರೆ ಐದು ಯಂತ್ರಗಳೂ ಮೂರು ದಿನವೂ ಇಡೀ ದಿನ ಓಡಲೇಬೇಕು ಎಂಬ ಹಟವನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ವಾರಕ್ಕೆ ಇಪ್ಪತ್ತು ಆಟ ಕಾಣುವ ಯಂತ್ರ ಪ್ರದರ್ಶನದಲ್ಲಿ ಒಂದು ಬೆಳಿಗ್ಗೆಗೇ ಅಷ್ಟನ್ನು ದಾಟುತ್ತದೆ. ಒಂದು ಹೊತ್ತಿಗೆ ಮೂರು ಓಡಲಿ, ಎರಡು ತಣ್ಣಗಾಗಲಿ. ತಣ್ಣಗಾಗುವ ಯಂತ್ರದ ಹಲಗೆಯನ್ನು ಎತ್ತಿ ನಿಲ್ಲಿಸಿ, ಪ್ಲಗ್ ತೆಗೆದು, ಒಳಗಿನ ಸಾವಿರಾರು ತಂತಿಗಳನ್ನು ಜನರಿಗೆ ತೋರಿಸಿ. ಕಳೆದ ವರ್ಷ ಸುಟ್ಟ ಕಾಯಿಲ್ ನೋಡಲು ನೆರೆದಷ್ಟು ಜನ ಆಡಲು ನೆರೆದಿರಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದಾಗಿ, ನನ್ನ ಯಂತ್ರದ ನಾಣ್ಯದ ಬಾಗಿಲಿಗೆ ದಾರದಲ್ಲಿ ಒಂದು ನೋಟ್‌ಬುಕ್ ಕಟ್ಟಿರುತ್ತದೆ. ಅದನ್ನು ತೆಗೆಯಬಾರದು. "ಬಲ ಬಂಪರ್ ಮೂರು ಸಲ ಬಡಿಯಲಿಲ್ಲ, 11.40" ಎಂದು ಯಾರಾದರೂ ಬರೆದಿಟ್ಟರೆ ಸಂಜೆ ಎಲ್ಲಿಂದ ಶುರುಮಾಡಬೇಕೆಂದು ನನಗೆ ತಿಳಿಯುತ್ತದೆ. "ಯಂತ್ರ ಹಾಳಾಗಿದೆ" ಎಂದು ಬರೆಯುವುದಾದರೆ ಬರೆಯುವುದೇ ಬೇಡ.

ಪ್ರದರ್ಶನ ಮುಗಿದ ಮೇಲೆ ಬೋರ್ಡಿನ ಮೇಲಿನ ಮೂರು ಪೆನ್ಸಿಲ್ ಸೆಲ್‌ಗಳನ್ನು ತೆಗೆದೇ ಯಂತ್ರವನ್ನು ವಾಪಸು ಕಳುಹಿಸಬೇಕು. ಒಂದು ಮಳೆಗಾಲ ನಾನು ಮರೆತು ಬಿಟ್ಟಿದ್ದೆ. ಸೆಲ್ ಸೋರಿ, ತಾಮ್ರದ ಗೆರೆಗಳು ಹಸಿರಾಗಿ, ಬೋರ್ಡಿನ ಆ ಮೂಲೆಯನ್ನು ಒಂದೊಂದೇ ತಂತಿ ಬೆಸೆದು ಕಟ್ಟಬೇಕಾಯಿತು.

ಮಲ್ಪೆಯ ಹಳೆ ನಾವಿಕ

ಅಮ್ಮನವರು ಹೇಳಿದ ಸರದಿ ವ್ಯವಸ್ಥೆಯೇ ಸರಿ. ಹಡಗಿನಲ್ಲೂ ಎರಡು ಜನರೇಟರುಗಳನ್ನು ಸರದಿಯಲ್ಲೇ ಓಡಿಸುತ್ತಿದ್ದೆವು, ನನಗೆ ಮೊದಲೇ ಹೊಳೆಯಬೇಕಿತ್ತು. ಕಿಟಕಿಯ ಬಿಸಿಲಿನ ಊಹೆಯೂ ನನಗೆ ಹೊಳೆದಿರಲಿಲ್ಲ, ಹುಡುಗನಿಗೆ ಶಾಭಾಸ್.

ಸಾಗಾಟದ ಬಗ್ಗೆ ಎರಡು ಮಾತು. ಟೆಂಪೊಕ್ಕೆ ಹಾಕುವ ಮೊದಲು ಗುಂಡುಗಳನ್ನು ಹೊರಗೆ ತೆಗೆಯಿರಿ. 27 ಮಿಲಿಮೀಟರ್ ಅಡ್ಡಳತೆಯ, ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ರಸ್ತೆಯ ಪ್ರತಿ ಹೊಂಡಕ್ಕೂ ಒಳಗೆ ಹಾರಿ ಹಲಗೆಯ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಒಡೆಯುತ್ತದೆ. ನಮ್ಮ ಕಡಲ ಗಾಳಿಗೆ ಗುಂಡು ಬೇಗ ತುಕ್ಕು ಹಿಡಿಯುತ್ತದೆ, ತುಕ್ಕಿನ ಚುಕ್ಕೆ ಇರುವ ಗುಂಡು ಹಲಗೆಯ ಮೇಲೆ ಮರಳುಕಾಗದದಂತೆ ಉರುಳುತ್ತದೆ. ಪ್ರತಿ ರಾತ್ರಿ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಮುಚ್ಚಳದ ಡಬ್ಬಿಯಲ್ಲಿಡಿ, ಬೆಳಕಿಗೆ ಹಿಡಿದಾಗ ಚುಕ್ಕೆ ಕಂಡರೆ ಮತ್ತೆ ಹಾಕಬೇಡಿ.

ಗಾಜು ಕಠಿಣಗೊಳಿಸಿದ ಗಾಜು. ಅದರ ಮುಖಕ್ಕೆ ಗುದ್ದಿದರೂ ತಡೆದೀತು, ಅಂಚು ಟೈಲ್ಸಿಗೆ ಮೆಲ್ಲಗೆ ತಾಗಿದರೂ ಪುಡಿಯಾಗುತ್ತದೆ. ಗಾಜು ತೆಗೆಯುವ ಮುನ್ನ ನೆಲದಲ್ಲಿ ಚಾಪೆ ಹಾಸಿ ಅದರ ಮೇಲೆ ಮಲಗಿಸಿಡಿ, ಒರಗಿಸಬೇಡಿ. ಹಲಗೆಯ ಇಳಿಜಾರು ಎಲೆಕ್ಟ್ರಾನಿಕ್ ಯಂತ್ರಗಳಿಗೆ ಆರೂವರೆ ಡಿಗ್ರಿ, ರಿಲೇ ಯಂತ್ರಗಳಿಗೆ ಅದಕ್ಕಿಂತ ಕಡಿಮೆ. ಗಾರೆಯವರ ಮಟ್ಟಗೋಲಿನಿಂದ ಅಡ್ಡ ಮಟ್ಟವನ್ನೂ ನೋಡಿ. ಅಡ್ಡ ಮಟ್ಟ ತಪ್ಪಿದ ಯಂತ್ರದಲ್ಲಿ ಗುಂಡು ಒಂದೇ ಬದಿಗೆ ಸರಿಯುತ್ತದೆ, ಜನ ಯಂತ್ರವನ್ನೇ ಎತ್ತಿ ಸರಿಸಲು ನೋಡುತ್ತಾರೆ, ಟಿಲ್ಟ್ ಆಗುತ್ತದೆ (ಅಲುಗಾಡಿಸಿದ್ದಕ್ಕೆ ಯಂತ್ರ ಆಟವನ್ನೇ ತಡೆಯುತ್ತದೆ), ಸಿಟ್ಟಿನಿಂದ ಇನ್ನಷ್ಟು ಗುದ್ದುತ್ತಾರೆ.

ಮಣ್ಣಗುಡ್ಡೆ ಸ್ವಯಂಸೇವಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯ ಸಭೆಯಲ್ಲಿ ಇಷ್ಟು ತೀರ್ಮಾನವಾಯಿತು. ಮೂರು ಓಡುತ್ತವೆ, ಎರಡು ಹಲಗೆ ಎತ್ತಿ ನಿಲ್ಲುತ್ತವೆ, ಎರಡು ಗಂಟೆಗೊಮ್ಮೆ ಸರದಿ ಬದಲು. ಫ್ಲಿಪ್ಪರ್ ಕಾಯಿಲ್, ಸ್ಲೀವ್, ರಬ್ಬರ್ ಉಂಗುರ, ಹನ್ನೆರಡು ಗುಂಡು ಮತ್ತು ಒಂದು ಗಾಜಿಗೆ ಚಂದಾ ಎತ್ತಿದ್ದೇವೆ. ಗಾಜು ಮಾತ್ರ ಊರಿನಲ್ಲೇ ಅಳತೆ ಕೊಟ್ಟು ಮಾಡಿಸುತ್ತೇವೆ. ಎಲ್ಲ ಯಂತ್ರಗಳಿಗೂ ನೋಟ್‌ಬುಕ್, ಕಿಟಕಿಗೆ ದಪ್ಪ ಪರದೆ. ಕುಂದಾಪುರದವರ ರೇಡಿಯೊ ಮೇಜನ್ನು ಪಿನ್‌ಬಾಲ್ ಸಾಲಿನ ಪಕ್ಕಕ್ಕೇ ಹಾಕಿದ್ದೇವೆ, ಡಬ್ಬಿಯೊಡನೆ ಬರಬೇಕು.

ಕೀಲಿಯ ವಿಷಯದಲ್ಲಿ ಸಭೆ ಸ್ವಲ್ಪ ಬಿಸಿಯಾಯಿತು. ಅಧ್ಯಕ್ಷರೂ ಹಾಕಬಾರದು ಎಂಬ ಸಾಲನ್ನು ಓದಿ ಹೇಳಿದಾಗ ನಮ್ಮ ಅಧ್ಯಕ್ಷರು, "ಹಾಗಾದರೆ ಆ ಪುಣ್ಯಾತ್ಮರನ್ನೇ ಕರೆಸಿ ಮಾರಾಯರೇ" ಎಂದರು. ಆದ್ದರಿಂದ ನಾವಿಕರಲ್ಲಿ ವಿನಂತಿ: ಮೂರು ದಿನ ನೀವೇ ಬರಬಹುದೇ? ಉಡುಪಿಯಿಂದ ಬೆಳಗಿನ ಎಕ್ಸ್‌ಪ್ರೆಸ್ ಬಸ್ ಹಿಡಿದು ಲಾಲ್‌ಬಾಗ್‌ನಲ್ಲಿ ಇಳಿದರೆ ಸಾಕು, ನಾನು ಸ್ಕೂಟರ್ ತಂದು ಕರೆದುಕೊಂಡು ಹೋಗುತ್ತೇನೆ. ಊಟದ ಟೋಕನ್ ಹಂಚಲು ಬೇರೆಯವರಿದ್ದಾರೆ.

ಮಲ್ಪೆಯ ಹಳೆ ನಾವಿಕ

ಬರುತ್ತೇನೆ. ಐದು ಕೀಲಿಗಳನ್ನೂ ಒಂದೇ ರಿಂಗಿಗೆ ಹಾಕಿಡಿ, ಪ್ರತಿಯೊಂದಕ್ಕೂ ಯಂತ್ರದ ಹೆಸರಿನ ಚೀಟಿ ಕಟ್ಟಿ.